ಬೆಲ್ಲದ ಕೋಣೆಯ ಬೀಗ

"ಬೆಲ್ಲ ಕೊಟ್ಟೋರ್ಯಾರು ಅಂತ ಕೇಳ್ತಾ ಇವ್ನಿ."

"ನಾನೇ ಕೊಟ್ಟೆ. ಏನೀಗ?"

"ಅತ್ತೆಗೆ ಸಕ್ಕರೆ ಕಾಯಿಲೆ ಅನ್ನೋದು ಗೊತ್ತಿಲ್ವಾ ನಿಂಗೆ?"

"ಗೊತ್ತು. ವರ್ಷದ ಮೊದಲ್ನೇ ಕೊಪ್ಪರಿಗೆ ಬೆಲ್ಲ ಮನೆ ದೊಡ್ಡೋರ ಬಾಯ್ಗೆ ಬೀಳ್ಬೇಕು ಅನ್ನೋದೂ ಗೊತ್ತು. ನೀನು ಈ ಮನೆಗೆ ಬರಕ್ ಮುಂಚಿಂದ್ಲೂ ನಡ್ಕಬಂದಿರೋದು ಅದು."

ಹಿತ್ತಿಲಲ್ಲಿ ವಾರಗಿತ್ತಿಯರಿಬ್ಬರೂ ಎದುರುಬದುರು ನಿಂತಿದ್ದರು. ಕಿರಿಯವಳು ದೇವೀರಮ್ಮ. ಅವಳ ಕೈಯಲ್ಲೊಂದು ಗಾಜಿನ ಕೊಳವೆ. ಅದರೊಳಗೆ ಅತ್ತೆ ಮಾಯಮ್ಮನ ಎಂಟು ಹನಿ ಉಚ್ಚೆ ನೀಲಿ ಔಷಧಿಯ ಜೊತೆ ಕುದಿದು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ, ಹಸಿರು ಹಳದಿ ದಾಟಿ ಇಟ್ಟಿಗೆಗೆ ಬಂದರೆ ಮಿತಿ ಮೀರಿದೆ ಎಂದರ್ಥ. ಇಷ್ಟು ಮಾತ್ರ ಹಿರಿಯವಳು ಕುಳ್ಳಮ್ಮನಿಗೂ ನೋಡಿ ನೋಡಿಯೇ ತಿಳಿದಿತ್ತು.

"ಸರಿ, ನಂದೇ ತಪ್ಪು ಅನ್ಕೊ," ಎಂದಳು ಕುಳ್ಳಮ್ಮ. "ಅಂಗಾರೆ ಒಂದ್ ಚೂರು ಬೆಲ್ಲ ಒಳೀಕ್ ಓಗಿ ಏನ್ ಮಾಡ್ತದೆ? ಮಾತ್ರೆ ಓಗಿ ಏನ್ ಮಾಡ್ತದೆ? ಅದ ಯೋಳು. ನಾನೂ ಏಳ್ನೇ ಕ್ಲಾಸ್ ಓದಿವ್ನಿ."

"ಅದ್ನೆಲ್ಲ ಯೋಳುದ್ರೆ ನಿಂಗರ್ಥ ಆಗಾಕಿಲ್ಲ ಕಣಕ್ಕ. ಬೆಲ್ಲ ಕೊಡ್ಬ್ಯಾಡ ಅಂದ್ರೆ ಕೊಡ್ಬ್ಯಾಡ, ಮಾತ್ರೆ ತಪ್ಪುಸ್ಬ್ಯಾಡ ಅಂದ್ರೆ ತಪ್ಪುಸ್ಬ್ಯಾಡ. ಅಷ್ಟು ಮಾಡು, ಸಾಕು."

ದೇವೀರಮ್ಮ ಕೊಳವೆಯನ್ನು ಚರಂಡಿಗೆ ಸುರಿದು ಒಳಗೆ ಹೋದಳು. ಕುಳ್ಳಮ್ಮ ಮಾತ್ರ ಅಲ್ಲೇ ನಿಂತಿದ್ದಳು. ಮದುವೆಯಾಗಿ ಬಂದ ಹದಿನೆಂಟು ವರ್ಷದಲ್ಲಿ ಆ ಮನೆಯಲ್ಲಿ ಅವಳನ್ನು ಬೈದವರಿದ್ದರು, ಅವಳ ಮೇಲೆ ಕೈ ಎತ್ತಿದವರೂ ಇದ್ದರು. ಅರ್ಥವಾಗುವುದಿಲ್ಲ ಎಂದವರು ಯಾರೂ ಇರಲಿಲ್ಲ.

ಅದು ತೊಂಬತ್ತಾರನೇ ಇಸವಿಯ ಸಂಕ್ರಾಂತಿಯ ಮಾರನೇ ದಿನ. ಕ್ಯಾತನಹಳ್ಳಿಯ ಸುತ್ತ ಆಲೆಮನೆಗಳೆಲ್ಲ ಹೊಗೆಯಾಡುತ್ತಿದ್ದವು. ಮಾಯಮ್ಮನ ಹಿರಿಮಗ ತಿಮ್ಮರಾಜು ತೋಟದ ಹತ್ತಿರವೇ ಗಾಣ ಹೂಡಿ, ಬೆಳಗಿನ ಜಾವ ಹೋದರೆ ಮಧ್ಯಾಹ್ನದ ಊಟಕ್ಕೆ ಒಂದು ಗಳಿಗೆ ಬಂದು ಹೋಗುತ್ತಿದ್ದ. ಕಿರಿಮಗ ಚಲುವರಾಜು ಚಿನಕುರಳಿಯಲ್ಲಿ ಮೇಷ್ಟ್ರು. ಅವನ ಹೆಂಡತಿ ದೇವೀರಮ್ಮ ಸಿಂಧಘಟ್ಟದವಳು. ಹತ್ತು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು, ಈಗ ಕೆಲಸದಿಂದ ಬಿಡುವು ಪಡೆದು ಮೈಸೂರಿನಲ್ಲಿ ಎರಡು ವರ್ಷದ ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದಳು. ಸೂಜಿ ಚುಚ್ಚುವುದು, ಗಾಯ ಕಟ್ಟುವುದು ಹಳೆಯ ಓದು. ಕಾಯಿಲೆ ಯಾಕೆ ಬರುತ್ತದೆ, ಮೈಯೊಳಗೆ ಯಾವ ದಾರಿ ಹಿಡಿಯುತ್ತದೆ, ಔಷಧಿ ಎಲ್ಲಿಗೆ ಹೋಗಿ ಅದನ್ನು ತಡೆಯುತ್ತದೆ ಎನ್ನುವುದು ಈ ಓದು. ಊರಿನವರಿಗೆ ಅದೆಲ್ಲ ಬೇಕಿರಲಿಲ್ಲ. ಅವರು ಅವಳನ್ನು ಸಿಸ್ಟ್ರಮ್ಮ ಎನ್ನುತ್ತಿದ್ದರು, ಎದುರಿಗೆ ಬಂದರೆ ಬೀಡಿ ಬಚ್ಚಿಡುತ್ತಿದ್ದರು.

ಸಿಸ್ಟ್ರಮ್ಮ ಬೆಳಗಿನ ಏಳು ಗಂಟೆಯ ಬಸ್ಸು ಹತ್ತಬೇಕಾದರೆ ಕುಳ್ಳಮ್ಮ ಐದಕ್ಕೆ ಏಳಬೇಕಿತ್ತು. ಸಗಣಿ ಬಾಚಿ, ಹಾಲು ಕರೆದು ಡೈರಿಗೆ ಹಾಕಿ, ಬಂದು ಒಲೆ ಹಚ್ಚಿ, ದೇವೀರಮ್ಮನ ಡಬ್ಬಿಗೆ ಉಪ್ಪಿಟ್ಟೋ ಚಿತ್ರಾನ್ನವೋ ತುಂಬಿಕೊಡುತ್ತಿದ್ದಳು. ದೇವೀರಮ್ಮನ ಆರು ವರ್ಷದ ಮಗಳು ಚಿನ್ನುವಿಗೆ ಜಡೆ ಹೆಣೆಯುವವಳೂ ಅವಳೇ. ಕುಳ್ಳಮ್ಮನಿಗೆ ಮಕ್ಕಳಿರಲಿಲ್ಲ. ಚಿನ್ನು ಉಣ್ಣುತ್ತಿದ್ದದ್ದು ದೊಡ್ಡವ್ವನ ಕೈತುತ್ತು, ಮಲಗುತ್ತಿದ್ದದ್ದು ದೊಡ್ಡವ್ವನ ಸೆರಗಿನಲ್ಲಿ. ಭಾನುವಾರಗಳಲ್ಲಿ ದೇವೀರಮ್ಮ ತಟ್ಟೆ ಹಿಡಿದು ಕರೆದರೆ, "ನೀನ್ ಕಲಸುದ್ರೆ ಗಂಟು ಗಂಟು ಕಣವ್ವ" ಎಂದು ಹುಡುಗಿ ಒಲೆಯ ಕಡೆಗೆ ಓಡುತ್ತಿತ್ತು. ಆಗ ದೇವೀರಮ್ಮನ ಮುಖ ಕಿವುಚಿಕೊಳ್ಳುತ್ತಿತ್ತು. ಕುಳ್ಳಮ್ಮ ಅದನ್ನು ನೋಡಿಯೂ ನೋಡದವಳಂತೆ ಇನ್ನೊಂದು ತುತ್ತು ಮಾಡುತ್ತಿದ್ದಳು. ಆ ಮನೆಯಲ್ಲಿ ಹೊಟ್ಟೆಕಿಚ್ಚು ಒಬ್ಬಳ ಸ್ವತ್ತಾಗಿರಲಿಲ್ಲ.

ಆ ತಿಂಗಳು ಕಾಲೇಜಿನವರು ದೇವೀರಮ್ಮನಿಗೆ ಒಬ್ಬ ರೋಗಿಯ ಪೂರ್ತಿ ಚರಿತ್ರೆ ಬರೆದುಕೊಂಡು ಬಾ ಎಂದಿದ್ದರು. ಕೇಸ್ ಸ್ಟಡಿ ಎಂದು ಅದರ ಹೆಸರು. ರೋಗಿಯನ್ನು ಹುಡುಕಿಕೊಂಡು ಅವಳು ಎಲ್ಲಿಗೂ ಹೋಗಬೇಕಾಗಿರಲಿಲ್ಲ, ರೋಗಿ ಮನೆಯ ಜಗಲಿಯ ಮೇಲೇ ಕೂತಿದ್ದಳು. ಸಂಜೆ ಬಸ್ಸಿಳಿದು ಬಂದವಳೇ ಅತ್ತೆಯ ಮುಂದೆ ದಪ್ಪ ರಟ್ಟಿನ ಪುಸ್ತಕ ಬಿಚ್ಚುವಳು. ಎಷ್ಟು ಸಲ ಉಚ್ಚೆಗೆ ಏಳ್ತೀರಿ, ಕಾಲು ಜೋಮು ಹಿಡೀತದಾ, ನಿಮ್ಮಪ್ಪಂಗೂ ಈ ಕಾಯಿಲೆ ಇತ್ತಾ. ಮಾಯಮ್ಮನಿಗೆ ಅರವತ್ತೆರಡು ವರ್ಷದಲ್ಲಿ ಇಂಥ ವಿಚಾರಣೆ ಕಂಡೇ ಗೊತ್ತಿರಲಿಲ್ಲ. ಬೀದಿಯಲ್ಲಿ ಹೋಗುವ ಚಿಕ್ಕಬೋರಮ್ಮನನ್ನು ಕರೆದು ಕೂರಿಸಿಕೊಂಡು, "ನಮ್ ಕಿರಿಸೊಸೆ ನನ್ ಮ್ಯಾಲೆ ಪುಸ್ತಕ ಬರೀತಾವ್ಳೆ ಕಣೇ" ಎನ್ನುತ್ತಿದ್ದಳು.

ಹಿಂದಿನ ವರ್ಷ ಆಲೆಮನೆಯಲ್ಲಿ ಮಾಯಮ್ಮ ಕೆಂಡ ತುಳಿದಿದ್ದಳು. ಹಿಮ್ಮಡಿ ಸುಟ್ಟರೂ ಅವಳಿಗೆ ಗೊತ್ತಾಗಿರಲಿಲ್ಲ. ನೋಡಿದವಳು ಕುಳ್ಳಮ್ಮ. ಎರಡು ತಿಂಗಳು ಗಾಯ ತೊಳೆದು, ಅತ್ತೆಯ ಕಾಲಿಗೆ ಸ್ಪರ್ಶವೇ ಇಲ್ಲ ಎಂದು ದೇವೀರಮ್ಮನ ಗಮನಕ್ಕೆ ತಂದವಳೂ ಕುಳ್ಳಮ್ಮನೇ. ಈಗ ಅದು ಪುಸ್ತಕ ಸೇರಿತ್ತು. ಕಾಲೇಜಿನ ಮೇಡಮ್ಮು ಕರಡು ನೋಡುವಾಗ ಆ ಪುಟ ಓದಿ, ಎಷ್ಟು ಚೆನ್ನಾಗಿ ಗುರುತಿಸಿದ್ದೀರಿ ಎಂದು ಎಲ್ಲರ ಮುಂದೆ ಹೊಗಳಿದರಂತೆ. ಚಲುವರಾಜು ಊಟಕ್ಕೆ ಕೂತಾಗ ಅಣ್ಣನಿಗೆ ಅದನ್ನು ವರ್ಣಿಸಿದ. ತಿಮ್ಮರಾಜು ತಲೆದೂಗಿದ.

"ಗುರ್ತಿಸಿದ್ದು ಯಾರು?" ಎಂದಳು ಕುಳ್ಳಮ್ಮ, ಮುದ್ದೆ ಬಡಿಸುತ್ತ.

"ಯಾರಾದ್ರೇನ್ಲೇ, ಮನೆಗೆ ಎಸರು ಬಂತಲ್ಲ," ಎಂದ ತಿಮ್ಮರಾಜು. "ಸಾರು ಬುಡು."

ಕುಳ್ಳಮ್ಮ ಅವನ ತಟ್ಟೆಗೆ ಸಾರು ಬಿಟ್ಟಳು, ತಟ್ಟೆ ತುಂಬಿ ನೆಲಕ್ಕೆ ಹರಿಯುವ ತನಕ ಬಿಟ್ಟಳು. ಹದಿನೆಂಟು ವರ್ಷ ಆ ಮುದುಕಿಯ ಕಾಲು ಒತ್ತಿದ್ದಕ್ಕೆ ಯಾರೂ ಒಂದು ಗೆರೆ ಬರೆದಿರಲಿಲ್ಲ.

ಸಂಕ್ರಾಂತಿಯ ಆ ಇಟ್ಟಿಗೆ ಬಣ್ಣದ ಸುದ್ದಿ ಕೇಳಿ ಪಾಂಡವಪುರದ ಡಾಕ್ಟರು ದಿನಕ್ಕೊಂದು ಇದ್ದ ಮಾತ್ರೆಯನ್ನು ಎರಡು ಮಾಡಿದ್ದರು. ಕುಳ್ಳಮ್ಮ ಮಾತ್ರೆಯ ಲೆಕ್ಕ ತನ್ನ ಕೈಗೆ ತೆಗೆದುಕೊಂಡಳು. ಬೆಲ್ಲದ ಕೋಣೆಗೆ ಬೀಗ ಜಡಿದು, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡಳು. ಇವಳು ಒಂದು ಹೇಳಿದರೆ ನಾನು ಎರಡು ಮಾಡುತ್ತೇನೆ, ನೋಡೋಣ ಎನ್ನುವ ಹಟ. ಮಾಯಮ್ಮನ ಬೆಳಗಿನ ಬೆಲ್ಲದ ಕಾಫಿ ನಿಂತಿತು. ಕಾಫಿಗೆ ಉಪ್ಪು ಹಾಕಿ ಕೊಟ್ಟರೂ ಕುಡಿಯಬೇಕು ಎನ್ನುವಂತಿತ್ತು ಅವಳು ಲೋಟ ಇಡುವ ರೀತಿ.

ಒಂದು ಮಂಗಳವಾರ ಅವಳು ಹಾಲಿನ ದುಡ್ಡು ಗಂಟು ಕಟ್ಟಿಕೊಂಡು ಪಾಂಡವಪುರಕ್ಕೆ ಹೋಗಿ, ಅಜ್ಮತ್ ಉಲ್ಲಾ ಸಾಹೇಬರ ಮೆಡಿಕಲ್ ಶಾಪಿನಲ್ಲಿ ನೀಲಿ ಔಷಧಿ ಬಾಟ್ಲಿ, ಗಾಜಿನ ಕೊಳವೆ ಕೊಂಡಳು.

"ಸಿಸ್ಟ್ರು ತರಕ್ ಯೋಳಿದ್ರಾ, ಅಮ್ಮ?" ಎಂದರು ಸಾಹೇಬರು.

"ಊಂ," ಎಂದು ಸುಳ್ಳು ಹೇಳಿದಳು.

ಮಾರನೇ ದಿನ ಏಳು ಗಂಟೆಯ ಬಸ್ಸು ಹೋದ ಮೇಲೆ, ಒಲೆಯ ಕೆಂಡದ ಮೇಲೆ ಕುದಿಸಿದಳು. ಹಳದಿ ಬಂತು. ಅವಳಿಗೆ ತೋಚಿದ್ದು ಒಂದೇ ದಾರಿ. ಮಾಯಮ್ಮನ ಮುದ್ದೆ ಅರ್ಧವಾಯಿತು. ನಾಲ್ಕು ದಿನಕ್ಕೆ ಹಸಿರು. ಅನ್ನ ನಿಲ್ಲಿಸಿದಳು. ಫೆಬ್ರವರಿಯ ಮೊದಲ ವಾರದಲ್ಲಿ ಕೊಳವೆ ಕುದಿ ಕುದಿದರೂ ನೀಲಿಯಾಗಿಯೇ ನಿಂತಿತು. ಅವಳು ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಓದಿದವಳ ಕೈಯಲ್ಲಿ ಇಟ್ಟಿಗೆ, ಓದದವಳ ಕೈಯಲ್ಲಿ ನೀಲಿ. ಯಾರಿಗೂ ಹೇಳಲಿಲ್ಲ. ಯುಗಾದಿಯ ಹೊತ್ತಿಗೆ ಎಲ್ಲರೂ ಕೂತಿರುವಾಗ ತೋರಿಸಬೇಕು, ಡಾಕ್ಟರೇ ಕೇಳಬೇಕು ಇದು ಯಾರ ಕೆಲಸ ಎಂದು.

ಮಾಯಮ್ಮ ನೋವು ತೋಡಿಕೊಂಡದ್ದು ಕಿರಿಮಗನ ಹತ್ತಿರ. ಒಟ್ಟೆ ಅಸಿವು ಕಣ್ಲಾ, ಸಂಜೆ ಆಯ್ತಿದ್ದಂಗೆ ಕೈ ನಡುಗ್ತವೆ ಎಂದಳು. ಚಲುವರಾಜು ಹೆಂಡತಿಗೆ ಹೇಳಿದ. ದೇವೀರಮ್ಮ ಮರುವಾರ ಪುಸ್ತಕ ಒಪ್ಪಿಸುವ ಆತುರದಲ್ಲಿದ್ದಳು, ಕೊಳವೆ ಕುದಿಸಿ ನೋಡಲೂ ಬಿಡುವಿರಲಿಲ್ಲ. ತಲೆ ಎತ್ತದೆ, ಊಟ ಸರಿಯಾಗಿ ಮಾಡಕ್ಕೇಳಿ ಎಂದಳು. ಒಲೆಯ ಹತ್ತಿರ ಎದ್ದು ಹೋಗಿ ಕೇಳಲಿಲ್ಲ. ಹೋದರೆ ಅಲ್ಲಿ ಚಿನ್ನು ದೊಡ್ಡವ್ವನ ತೊಡೆಯ ಮೇಲೆ ಕೂತಿರುತ್ತಿತ್ತು.

ಮಾಯಮ್ಮನದು ಶನಿವಾರ ಒಪ್ಪತ್ತು. ಮದುವೆಯಾದಂದಿನಿಂದ ಬಿಟ್ಟಿರಲಿಲ್ಲ. ಹಗಲೆಲ್ಲ ಊಟವಿಲ್ಲ, ಸಂಜೆ ದೀಪ ಹಚ್ಚಿದ ಮೇಲೆ ಒಂದು ಊಟ. ಮೊದಲೆಲ್ಲ ಶನಿವಾರ ಬೆಳಿಗ್ಗೆ ಕುಳ್ಳಮ್ಮ ದೊಡ್ಡ ಲೋಟದಲ್ಲಿ ಬೆಲ್ಲದ ಕಾಫಿ ಕೊಟ್ಟು, ಹನ್ನೊಂದಕ್ಕೊಂದು ಹಿಡಿ ಅವಲಕ್ಕಿ ಬೆಲ್ಲ ಕಲಸಿ, ಇದು ಊಟಕ್ಕೆ ಲೆಕ್ಕವಿಲ್ಲ ಬುಡಿ ಅತ್ತೆ ಎಂದು ತಿನ್ನಿಸುತ್ತಿದ್ದಳು. ಈಗ ಅದೂ ಇರಲಿಲ್ಲ. ಮಾತ್ರೆ ಇತ್ತು. ತಪ್ಪಿಸಬಾರದೆಂದು ಅಪ್ಪಣೆಯಾಗಿದ್ದ ಮಾತ್ರೆಯನ್ನು ಪುಸ್ತಕಕ್ಕೆ ಅಂಕ ಬಿದ್ದ ವಾರದ ಶನಿವಾರ ಏಳೂವರೆಗೆ, ಖಾಲಿ ಹೊಟ್ಟೆಗೆ, ಕುಳ್ಳಮ್ಮನೇ ನುಂಗಿಸಿದಳು. ಉಚ್ಚೆ ಕುದಿಸಿದಳು. ನೀಲಿ.

ಮಧ್ಯಾಹ್ನ ಒಂದು ಗಂಟೆಗೆ ಮಾಯಮ್ಮ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಬೇಸಿಗೆ ಇನ್ನೂ ಶುರುವಾಗಿರಲಿಲ್ಲ, ಆದರೂ ಅವಳ ರವಿಕೆ ಬೆನ್ನಿಗೆ ಅಂಟಿಕೊಂಡಿತ್ತು. ಕೈ ನಡುಗುತ್ತಿತ್ತು. ಕಾರಣವಿಲ್ಲದೆ ಬೈಯುತ್ತಿದ್ದಳು, ಬೈಗುಳದ ನಡುವೆ ಬೇಡುತ್ತಿದ್ದಳು.

"ಕುಳ್ಳಿ, ಒಂದ್ ಚೂರು ಬೆಲ್ಲ ಕೊಡವ್ವ. ನಾಲ್ಗೆಗೆ ತಾಕ್ಸು ಸಾಕು."

"ಬೆಲ್ಲ ಗಿಲ್ಲ ಇಲ್ಲ ಕಣತ್ತೆ. ದೀಪ ಅಚ್ಚಲಿ, ಊಟ ಇಕ್ತೀನಿ."

ಊಟಕ್ಕೆ ಬಂದ ತಿಮ್ಮರಾಜು ತಾಯಿಯ ಅವಸ್ಥೆ ನೋಡಿ, ಬೀಗದ ಕೈ ಕೊಡೇ ಎಂದ. ಕುಳ್ಳಮ್ಮ ಉಡಿಯ ಮೇಲೆ ಕೈ ಒತ್ತಿ ಹಿಡಿದಳು.

"ಕೊಟ್ಟು? ಸಂಜೀಕೆ ನಿಮ್ ಸಿಸ್ಟ್ರು ಬಂದು ಕೊಳವೆ ನನ್ ಮುಕುಕ್ ಇಡೀಲಿ ಅಂತಾನಾ? ಬಣ್ಣ ನೀಲಿ ಅದೆ. ಸಕ್ಕರೆ ಒಂದ್ ಚೂರೂ ಇಲ್ಲ. ಸಕ್ಕರೇನೇ ಇಲ್ದ ಮ್ಯಾಲೆ ಕಾಯಿಲೆ ಎಲ್ಲಿಂದ ಬತ್ತದೆ? ಒಪ್ಪತ್ತಿನ ನಿತ್ರಾಣ ಅಷ್ಟೆ."

ತಿಮ್ಮರಾಜುವಿಗೂ ಅದು ಸರಿ ಎನ್ನಿಸಿತು. ಕೊಪ್ಪರಿಗೆ ಒಲೆಯ ಮೇಲಿತ್ತು, ಪಾಕ ಹದ ತಪ್ಪುವುದರೊಳಗೆ ಅವನು ಹೋಗಬೇಕಿತ್ತು. ಮುದ್ದೆ ನುಂಗಿ ಹೊರಟುಹೋದ.

ಎರಡು ಗಂಟೆಗೆ ಮಾಯಮ್ಮನ ಮಾತು ತೊದಲಿತು. ಎರಡೂವರೆಗೆ ಪಕ್ಕಕ್ಕೆ ವಾಲಿದಳು. ಕುಳ್ಳಮ್ಮ ಮುಖಕ್ಕೆ ನೀರು ಚಿಮುಕಿಸಿದಳು, ಅಂಗಾಲು ಉಜ್ಜಿದಳು, ಚಿಕ್ಕಬೋರಮ್ಮನನ್ನು ಕೂಗಿದಳು. ಚಿಕ್ಕಬೋರಮ್ಮ ಬಂದು ಮೈಮೇಲೆ ಬಂದಿದೆಯೆಂದು ವಿಭೂತಿ ಹಚ್ಚಿದಳು.

ಶನಿವಾರ ಕಾಲೇಜು ಅರ್ಧ ದಿನ. ಮೂರು ಗಂಟೆಯ ಬಸ್ಸಿಳಿದ ದೇವೀರಮ್ಮ ಜಗಲಿಯಲ್ಲಿ ಜನ ನೋಡಿ ಓಡಿಬಂದಳು. ಅತ್ತೆಯ ಹಣೆ ಮುಟ್ಟಿದಳು, ತಣ್ಣನೆಯ ಬೆವರು. ನಾಡಿ ಹಿಡಿದಳು.

"ಬೆಳಗಿಂದ ಏನ್ ತಿಂದವ್ರೆ?"

"ಒಪ್ಪತ್ತು."

"ಮಾತ್ರೆ?"

"ಕೊಟ್ಟಿವ್ನಿ. ತಪ್ಪುಸ್ಬ್ಯಾಡ ಅಂದಿದ್ದೆಯಲ್ಲ."

"ಬೀಗದ ಕೈ ಕೊಡಕ್ಕ. ಬೆಲ್ಲ ಬೇಕು."

ಕುಳ್ಳಮ್ಮ ಅಲುಗಲಿಲ್ಲ. ಇವಳು ತನ್ನನ್ನು ಪರೀಕ್ಷೆ ಮಾಡುತ್ತಿದ್ದಾಳೆ ಎಂದೇ ಅವಳಿಗೆ ಅನ್ನಿಸಿದ್ದು. "ಕೊಡ್ಬ್ಯಾಡ ಅಂದೋಳು ನೀನೇ ಅಲ್ವಾ?"

ದೇವೀರಮ್ಮ ಎದ್ದು ನಿಂತಳು. ಕುಳ್ಳಮ್ಮನ ಸೊಂಟಕ್ಕೆ ಕೈಹಾಕಿ ಎಳೆದಳು. ಉಡಿದಾರ ಕಿತ್ತು ಬಂತು. ಬೆಲ್ಲದ ಅಚ್ಚು ಒಡೆದು, ನೀರಿನ ಹನಿಯಲ್ಲಿ ಅಂಟಿನಂತೆ ಕಲಸಿ, ಮಾಯಮ್ಮನನ್ನು ಮಗ್ಗುಲಾಗಿ ಮಲಗಿಸಿ, ಬೆರಳಿನಿಂದ ಕೆನ್ನೆಯ ಒಳಗೆ ಸ್ವಲ್ಪ ಸ್ವಲ್ಪವೇ ಸವರಿದಳು. ನೀರು ಕುಡಿಸಲು ಬಂದ ಚಿಕ್ಕಬೋರಮ್ಮನ ಚೊಂಬು ಸರಿಸಿದಳು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ ಎಂದು. ಕಾಲು ಗಂಟೆಯಾದ ಮೇಲೆ ಮಾಯಮ್ಮ ಕಣ್ಣು ಬಿಟ್ಟಳು. ಆಮೇಲೆ ಬೆಲ್ಲದ ನೀರು, ಆಮೇಲೆ ಹಾಲು ಅನ್ನ. ಮಾತ್ರೆಯ ಬಲ ಇನ್ನೂ ಇಳಿದಿಲ್ಲ, ಮತ್ತೆ ಬೀಳಬಹುದು ಎಂದು ದೇವೀರಮ್ಮ ಟೆಂಪೋ ತರಿಸಿ ಪಾಂಡವಪುರಕ್ಕೆ ಕರೆದುಕೊಂಡು ಹೋದಳು. ಎರಡು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಡಾಕ್ಟರು ಮಾತ್ರೆ ಕಡಿಮೆ ಮಾಡಿದರು, ಸೊಸೆ ಹೊತ್ತಿಗೆ ಬರದಿದ್ದರೆ ಕಷ್ಟವಿತ್ತು ಎಂದರು.

ಕುಳ್ಳಮ್ಮ ಆಸ್ಪತ್ರೆಗೆ ಹೋಗಲಿಲ್ಲ. ಯಾರೂ ಕರೆಯಲಿಲ್ಲ. ಎರಡು ದಿನವೂ ಕ್ಯಾರಿಯರಿಗೆ ಊಟ ತುಂಬಿ ಕಳಿಸಿದಳು. ನೀಲಿ ಔಷಧಿಯ ಬಾಟ್ಲಿಯನ್ನು ತಿಪ್ಪೆಗೆ ಎಸೆದಳು.

ಸೋಮವಾರ ಇಳಿಹೊತ್ತಿಗೆ ಮಾಯಮ್ಮನನ್ನು ಮನೆಗೆ ಕರೆತಂದರು. ಕುಳ್ಳಮ್ಮ ಮುದ್ದೆಗೆ ಎಸರಿಟ್ಟು ಬಂದು ಅತ್ತೆಯ ಕಾಲು ಮುಟ್ಟಲು ಬಗ್ಗಿದಳು. ಮಾಯಮ್ಮ ಕಾಲು ಎಳೆದುಕೊಂಡಳು.

"ಬೇಡ್ದೆ ಕಣೇ ಕುಳ್ಳಿ. ನಾಯಿ ಬೇಡ್ದಂಗ್ ಬೇಡ್ದೆ. ಒಂದ್ ಚೂರು ಕೊಡ್ನಿಲ್ಲ ನೀನು."

"ಕೊಡ್ಬ್ಯಾಡ ಅಂದಿದ್ರು ಅತ್ತೆ."

"ಅನ್ನಾನೂ ಕೊಡ್ಬ್ಯಾಡ ಅಂದಿದ್ನಾ ನಾನು?" ಎಂದಳು ದೇವೀರಮ್ಮ. ಎರಡು ದಿನ ಕಣ್ಣು ಮುಚ್ಚದವಳ ದನಿ ಒಡೆದಿತ್ತು. "ಇನ್ನೊಂದ್ ಗಂಟೆ ಆಗಿದ್ರೆ ಎಣ ಎತ್ತಬೇಕಾಗಿತ್ತು. ನನ್ ಮ್ಯಾಲಿನ ಉರಿಗೆ ಅವ್ರ ಒಟ್ಟೆ ಒಣಗ್ಸಿದ್ದೀಯ."

"ಉರಿ ಅದೆ, ಇಲ್ಲ ಅನ್ನಾಕಿಲ್ಲ. ಆದ್ರೆ ಸಾಯ್ಲಿ ಅಂತ ಮಾಡ್ನಿಲ್ಲ. ಇಂಗಾಯ್ತದೆ ಅಂತ ಯಾರೂ ಯೋಳಿರ್ನಿಲ್ಲ ನಂಗೆ."

ಚಲುವರಾಜು ಮೇಷ್ಟ್ರಲ್ಲವೇ, ಸಾಕ್ಷಿ ತರಲು ಎದ್ದ. ಒಳಗಿಂದ ಆ ದಪ್ಪ ರಟ್ಟಿನ ಪುಸ್ತಕ ತಂದು ಪುಟ ತಿರುವಿದ. "ಯೋಳಿಲ್ಲ ಅಂತೀರಲ್ಲ ಅತ್ಗೆ, ಇಲ್ಲಿ ಬರ್ದದೆ ನೋಡಿ," ಎಂದು, ಇಂಗ್ಲಿಷಿನಲ್ಲಿದ್ದದ್ದನ್ನು ಮಕ್ಕಳಿಗೆ ಪಾಠ ಹೇಳುವಂತೆ ಕನ್ನಡ ಮಾಡಿ ಓದಿದ. ಮಾತ್ರೆ ರಕ್ತದಲ್ಲಿರುವ ಸಕ್ಕರೆಯನ್ನು ಇಳಿಸುತ್ತದೆ. ಊಟವಿಲ್ಲದೆ ಮಾತ್ರೆ ತೆಗೆದುಕೊಂಡರೆ ಸಕ್ಕರೆ ಬೇಕಾದ್ದಕ್ಕಿಂತ ಕೆಳಗಿಳಿದು ಮಿದುಳಿಗೆ ಆಹಾರ ಸಾಲದಾಗುತ್ತದೆ. ಬೆವರು, ನಡುಕ, ಹಸಿವು, ಸಿಟ್ಟು, ತೊದಲು ಅದರ ಗುರುತು. ಕೂಡಲೇ ಸಕ್ಕರೆಯನ್ನೋ ಬೆಲ್ಲವನ್ನೋ ಕೊಡಬೇಕು. ಉಪವಾಸ, ಒಪ್ಪತ್ತು ಕೂಡದು. ಇದನ್ನೆಲ್ಲ ರೋಗಿಯನ್ನು ನೋಡಿಕೊಳ್ಳುವ ಮನೆಯವರಿಗೆ ವಿವರಿಸಿ ತಿಳಿಸಿಕೊಡಲಾಗಿದೆ. ಪಕ್ಕದಲ್ಲಿ ಮೇಡಮ್ಮಿನ ಕೆಂಪು ಶಾಯಿ, ಹತ್ತಕ್ಕೆ ಒಂಬತ್ತು.

ಕುಳ್ಳಮ್ಮ ಕೇಳಿ ಮುಗಿಸಿದಳು. ಮೊದಲು ಅವಳ ಬಾಯಿಂದ ಬಂದದ್ದು ಒಂದೇ ಮಾತು.

"ಇಷ್ಟೇಯಾ?"

ಚಲುವರಾಜು ಪುಸ್ತಕವನ್ನು ತೆರೆದಂತೆಯೇ ನೆಲದ ಮೇಲಿಟ್ಟ.

"ಇಷ್ಟೇಯಾ, ದೇವೀರಿ? ಇದು ನಂಗರ್ಥ ಆಗಾಕಿಲ್ಲ ಅಂದ್ಯಾ? ಚಿನ್ನೂಗೂ ಅರ್ಥ ಆಯ್ತದಲ್ಲೇ ಇದು."

ದೇವೀರಮ್ಮ ಪುಸ್ತಕವನ್ನೇ ನೋಡುತ್ತಿದ್ದಳು.

"ಮನೆಯೋರ್ಗೆ ತಿಳುಸ್ಕೊಟ್ಟೆ ಅಂತ ಬರ್ದಿದ್ದೀಯಲ್ಲ, ಯಾವತ್ತು ತಿಳುಸ್ಕೊಟ್ಟೆ? ಎಲ್ಲಿ? ಒಲೆ ಮುಂದ್ಲಾ, ಕೊಟ್ಟಿಗೇಲಾ? ಇವ್ರೆಲ್ಲ ಅವ್ರೆ, ಇವ್ರ ಮುಂದೆ ಯೋಳು."

ದೇವೀರಮ್ಮನ ತುಟಿ ಅಲುಗಿತು. ಆ ಹೊತ್ತಿಗೆ ಸರಿಯಾಗಿ ಚಿನ್ನು ಬೀದಿಯಿಂದ ಓಡಿಬಂದು, ಅಮ್ಮನನ್ನು ದಾಟಿಕೊಂಡು ಹೋಗಿ ಕುಳ್ಳಮ್ಮನ ಸೊಂಟ ತಬ್ಬಿತು. ದೇವೀರಮ್ಮ ತುಟಿ ಮುಚ್ಚಿದಳು.

"ಮರ್ತಿರ್ತೀಯ ಬುಡು," ಎಂದ ತಿಮ್ಮರಾಜು ಹೆಂಡತಿಗೆ. "ಅಷ್ಟು ಕೆಲ್ಸದಲ್ಲಿ ಕಿವಿಗ್ ಆಕ್ಕಂಡಿರಾಕಿಲ್ಲ."

"ನೀವೂ ಅದ್ನೇ ಅಂತೀರಾ?"

"ಓದ್ದೋಳು ಇಲ್ಲದ್ದ ಬರ್ದಾಳಾ?" ಎಂದಳು ಮಾಯಮ್ಮ ಗೋಡೆಯ ಕಡೆಗೆ ತಿರುಗಿ. "ಇನ್ಮ್ಯಾಕೆ ಬೀಗದ ಕೈ ಕಿರಿಸೊಸೆ ತಾವೇ ಇರ್ಲಿ. ನನ್ ಊಟಾನೂ ಅವ್ಳೇ ನೋಡ್ಕತಾಳೆ."

ಕುಳ್ಳಮ್ಮ ಉಡಿಯಿಂದ ಬೀಗದ ಕೈ ಬಿಚ್ಚಿದಳು. ಶನಿವಾರ ಕೋಣೆಯ ಬೀಗದಲ್ಲೇ ಉಳಿದಿದ್ದ ಅದನ್ನು ಎತ್ತಿಕೊಂಡು, ಕಿತ್ತುಹೋಗಿದ್ದ ದಾರಕ್ಕೆ ಹೊಸ ಗಂಟು ಹಾಕಿ ಕಟ್ಟಿಕೊಂಡಿದ್ದಳು. ಬೀಗದ ಕೈಯನ್ನು ತೆರೆದಿದ್ದ ಪುಸ್ತಕದ ಮೇಲೆ, ಆ ಕೆಂಪು ಶಾಯಿಯ ಮೇಲೆ ಇಟ್ಟಳು. ಚಿನ್ನುವಿನ ಕೈಗಳನ್ನು ಒಂದೊಂದಾಗಿ ಬಿಡಿಸಿದಳು.

"ನಿಮ್ಮವ್ವನ್ ಕೈಲಿ ಉಣ್ಣು ಮಗ. ಗಂಟಾದ್ರೂ ಉಣ್ಣು."

ಗೂಟದ ಮೇಲಿದ್ದ ಸೀರೆಯೊಂದನ್ನು ಚೀಲಕ್ಕೆ ತುರುಕಿಕೊಂಡು ಮೆಟ್ಟಿಲಿಳಿದಳು. ಬೆಲ್ಲದ ವಾಸನೆಯ ಬೀದಿಯಲ್ಲಿ ಬಸ್ ಸ್ಟಾಂಡಿನ ಕಡೆಗೆ ನಡೆದಳು. ಸಿಟ್ಟಿಳಿಸಿಕೊಳ್ಳಲು ಆಲೆಮನೆಗೆ ಹೋಗಿರುತ್ತಾಳೆ, ಬರುತ್ತಾಳೆ ಎಂದು ತಿಮ್ಮರಾಜು ಬೀಡಿ ಹಚ್ಚಿದ.

ಒಲೆಯ ಮೇಲೆ ಅವಳಿಟ್ಟ ಎಸರು ಕೊತಕೊತ ಕುದಿಯುತ್ತಿತ್ತು. ದೇವೀರಮ್ಮ ಎದ್ದು ಹೋಗಿ ಹಿಟ್ಟಿನ ಮಡಕೆ ಹುಡುಕಿದಳು. ಮನೆಮಂದಿಯ ಮುದ್ದೆಗೆ ಎಷ್ಟು ಹಿಟ್ಟು ಎಂದು ಅವಳಿಗೆ ಗೊತ್ತಿರಲಿಲ್ಲ. ಕೇಳೋಣವೆಂದು ತಿರುಗಿದರೆ ಕೇಳಬೇಕಾದವಳು ಇರಲಿಲ್ಲ.

"ನಾನ್ ಯೋಳಿರ್ನಿಲ್ಲ," ಎಂದಳು ಒಲೆಯ ಕಡೆಗೆ.

"ಏನಂದೆ?" ಎಂದಳು ಮಾಯಮ್ಮ ಒಳಗಿನಿಂದ.

"ಏನಿಲ್ಲ ಅತ್ತೆ. ಎಸರು ಉಕ್ತಾ ಅದೆ."

ಪಾಂಡವಪುರದ ಬಸ್ಸು ಹಾರ್ನ್ ಮಾಡಿಕೊಂಡು ಊರು ದಾಟಿತು. ಆಮೇಲೆ ನಾಗಮಂಗಲದ ಕಡೆಯ ಕುಳ್ಳಮ್ಮನ ತವರಿಗೆ ತಿಮ್ಮರಾಜು ಎರಡು ಸಲ ಹೋಗಿ ಬಂದ. ಎರಡು ಸಲವೂ ಅವಳು ಅವನಿಗೆ ಊಟ ಬಡಿಸಿ ಕಳಿಸಿದಳಂತೆ. ಕುಳ್ಳಮ್ಮ ಯುಗಾದಿಗೂ ಬರಲಿಲ್ಲ, ಮುಂದಿನ ವರ್ಷದ ಮೊದಲ ಕೊಪ್ಪರಿಗೆಗೂ ಬರಲಿಲ್ಲ.